ಇಂಜಿನ್ ಮುಳ್ಳು ಸರಿಯಿದೆ, ಗೇರ್‌ಬಾಕ್ಸ್ ಬೆಂದಿದೆ

ಗಾಡಿ ಮಾತು: ಓದುಗರ ಪ್ರಶ್ನೆಗಳಿಗೆ ಹಾಸನದ ಗೇರ್‌ಬಾಕ್ಸ್ ಮೆಕ್ಯಾನಿಕ್ ಒಬ್ಬರ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಹೋದ ವರ್ಷ 6 ಗೇರಿನ ಆಟೋಮ್ಯಾಟಿಕ್ ಡೀಸೆಲ್ ಪಿಕಪ್ ತಗೊಂಡೆ, 4×4. ಆಗಸ್ಟ್‌ನಲ್ಲಿ ಮಳೆ ಸ್ವಲ್ಪ ಬಿಟ್ಟಾಗ 12 ಮೂಟೆ ಗೊಬ್ಬರ ಹಾಕಿಕೊಂಡು ತೋಟದ ಮೇಲಿನ ಬ್ಲಾಕಿಗೆ ಹತ್ತಿಸುತ್ತಿದ್ದೆ. ಕೆಸರು ಜಾಸ್ತಿ ಇತ್ತು. ಅರ್ಧ ದಾರಿಯಲ್ಲಿ ಗೇರ್‌ಬಾಕ್ಸ್ ಬಿಸಿಯ ದೀಪ ಹತ್ತಿತು. ಇಂಜಿನ್ ಬಿಸಿಯ ಮುಳ್ಳು ಮಾತ್ರ ಮಧ್ಯದಲ್ಲೇ ಇತ್ತು. ಹೆದರಿ ತಕ್ಷಣ ಇಂಜಿನ್ ಆಫ್ ಮಾಡಿದೆ. ಸರ್ವಿಸ್‌ಗೆ ಒಯ್ದರೆ ‘ದೋಷದ ಕೋಡ್ ಏನೂ ಇಲ್ಲ, ಓಡಿಸಿ’ ಅಂದರು. ಆಮೇಲೆ ಗಾಡಿಯ ಕಂಪ್ಯೂಟರ್‌ನಿಂದ ಅಂಕಿ ಓದುವ ಓಬಿಡಿ ಡಾಂಗಲ್ ತರಿಸಿ, ಗೇರ್‌ಬಾಕ್ಸ್ ಎಣ್ಣೆಯ ಬಿಸಿಯನ್ನು ಫೋನಿನಲ್ಲಿ ನೋಡುತ್ತಿದ್ದೇನೆ. ಮಾಮೂಲಿ ರಸ್ತೆಯಲ್ಲಿ 84ರಿಂದ 88 ತೋರಿಸುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ 104ಕ್ಕೆ ಹೋಗುತ್ತದೆ. ನಮ್ಮ ಭಾವ ‘90 ದಾಟಿದರೆ ಗೇರ್‌ಬಾಕ್ಸ್ ಕಥೆ ಮುಗೀತು’ ಅಂತಾರೆ. ಈಗ ಘಾಟಿ ಹತ್ತೋಕೇ ಭಯ. ಎಷ್ಟು ಬಿಸಿಯಾದರೆ ತಪ್ಪು? ಗೇರ್‌ಬಾಕ್ಸ್ ಎಣ್ಣೆ ತಣ್ಣಗೆ ಮಾಡುವ ಎಕ್ಸ್‌ಟ್ರಾ ಕೂಲರ್ ಹಾಕಿಸಲೇ?

ಉತ್ತರ: ಮೊದಲು ಭಾವನವರನ್ನು ಸಮಾಧಾನ ಮಾಡಿ. ಇಂಥ ಗೇರ್‌ಬಾಕ್ಸ್‌ಗಳ ಎಣ್ಣೆ ಸಾಮಾನ್ಯವಾಗಿ 75ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಅದು ಅದರ ದಿನನಿತ್ಯದ ಬಿಸಿ. ಎಣ್ಣೆ ತೀರಾ ತಣ್ಣಗಿದ್ದರೂ ಒಳ್ಳೆಯದಲ್ಲ. ದಪ್ಪಗಿರುತ್ತದೆ, ಗೇರ್ ಬದಲಾಗುವಾಗ ಎಳೆದಂತಾಗುತ್ತದೆ. ನಿಮ್ಮ 84–88 ಬಹಳ ಚೆನ್ನಾಗಿದೆ. ಘಾಟಿಯ 104ಕ್ಕೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ನನಗೆ ಚಿಂತೆ ಇರೋದು ಆ ತೋಟದ ಏರಿನದು. ಅಲ್ಲಿ ಡಾಂಗಲ್ ಇರಲಿಲ್ಲ, ಹಾಗಾಗಿ ಅಂಕಿ ಇಲ್ಲ. ಆದರೆ ದೀಪ ಹತ್ತಿದೆ. ಆ ದೀಪ ಸಾಮಾನ್ಯವಾಗಿ 130 ದಾಟಿದ ಮೇಲೇ ಹತ್ತೋದು. ಅಂದರೆ ನಿಮಗೆ ಭಯ ಹುಟ್ಟಿಸಿದ ಚಾರ್ಮಾಡಿಗಿಂತ ನಿಮ್ಮದೇ ತೋಟದ ದಾರಿ ಗೇರ್‌ಬಾಕ್ಸ್‌ಗೆ ಕಷ್ಟ ಕೊಟ್ಟಿದೆ.

ಯಾಕೆ ಅಂತ ಹೇಳುತ್ತೇನೆ. ಆಟೋಮ್ಯಾಟಿಕ್‌ನಲ್ಲಿ ಇಂಜಿನ್ನಿಗೂ ಗೇರುಗಳಿಗೂ ನಡುವೆ ಕ್ಲಚ್ ಪ್ಲೇಟ್ ಬದಲು ಟಾರ್ಕ್ ಕನ್ವರ್ಟರ್ ಇದೆ. ಇಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ರಭಸದಿಂದ ಎಸೆಯುತ್ತವೆ. ಆ ರಭಸಕ್ಕೆ ಎದುರಿನ ರೆಕ್ಕೆಗಳು ತಿರುಗಿ ಗೇರುಗಳಿಗೆ ಶಕ್ತಿ ಹೋಗುತ್ತದೆ. ಎರಡೂ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ತಿರುಗಿದರೆ ಬಿಸಿ ಕಮ್ಮಿ. ಇಂಜಿನ್ ಕಡೆಯದು 2,000 ಸುತ್ತಿ, ಗೇರ್ ಕಡೆಯದು 500 ಸುತ್ತಿದರೆ? ನಡುವೆ ಕಳೆದುಹೋದ ಶಕ್ತಿಯೆಲ್ಲ ಎಣ್ಣೆಯ ಬಿಸಿಯಾಗುತ್ತದೆ. ಗಾಡಿ ಕದಲದೆ ನಿಂತಿದ್ದು ನೀವು ಆಕ್ಸಿಲರೇಟರ್ ಒತ್ತುತ್ತಿದ್ದರೆ ಇಂಜಿನ್ ಶಕ್ತಿ ಪೂರ್ತಿ ಬಿಸಿಗೇ ಹೋಯಿತು ಅಂತಲೇ ಲೆಕ್ಕ. ಒಂದಿಷ್ಟು ವೇಗ ಬಂದ ಮೇಲೆ ಒಳಗಿನ ಲಾಕಪ್ ಕ್ಲಚ್ ಈ ಎರಡನ್ನೂ ಕಚ್ಚಿ ಹಿಡಿಯುತ್ತದೆ. ಆಗ ಜಾರುವುದು ನಿಲ್ಲುತ್ತದೆ, ಬಿಸಿ ಇಳಿಯುತ್ತದೆ.

ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದರೆ ಗೇರ್‌ಬಾಕ್ಸ್ ಬಿಸಿಯಾಗುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಆಗೋದು ಉಲ್ಟಾ. ಕಷ್ಟ ಇರೋದು ನಿಧಾನದಲ್ಲಿ. ನೀವು ಕೆಸರಿನಲ್ಲಿ, ನಡೆಯುವ ವೇಗದಲ್ಲಿ, ಭಾರ ಹೊತ್ತು ಏರುತ್ತಿದ್ದಿರಿ. ಲಾಕಪ್ ಆಗುವ ಮಾತೇ ಇಲ್ಲ. ಮುಂದಿನಿಂದ ಗಾಳಿಯೂ ಬರುವುದಿಲ್ಲ. ಟಯರ್ ಒಮ್ಮೆ ಸಿಕ್ಕಿಕೊಂಡರೆ ಇನ್ನೂ ಸ್ವಲ್ಪ ಒತ್ತುತ್ತೀರಿ, ಅಲ್ವಾ? ಬಿಸಿ ಏರೋದು ಅಲ್ಲೇ.

ಇಂಜಿನ್ ಮುಳ್ಳು ಇದನ್ನು ಹೇಳುವುದಿಲ್ಲ. ಅದು ತೋರಿಸೋದು ಕೂಲೆಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವದ ಬಿಸಿ. ಅದೂ ಈಗಿನ ಗಾಡಿಗಳಲ್ಲಿ ಪ್ರಾಮಾಣಿಕ ಮುಳ್ಳಲ್ಲ. ಕೂಲೆಂಟ್ ಎಷ್ಟೋ ಡಿಗ್ರಿ ಆಚೆ ಈಚೆ ಆದರೂ ಮಧ್ಯದಲ್ಲೇ ನಿಲ್ಲುವಂತೆ ಕಂಪನಿಯವರೇ ಮಾಡಿರುತ್ತಾರೆ, ಗಿರಾಕಿ ಸುಮ್ನೆ ಗಾಬರಿಯಾಗದಿರಲಿ ಅಂತ.

ಅಂಕಿಯ ವಿಷಯಕ್ಕೆ ಬರೋಣ. ನಾನು ಗಿರಾಕಿಗಳಿಗೆ ಹೇಳೋದು ಹೀಗೆ. 110ರವರೆಗೆ ಏರಿನಲ್ಲಿ ಬಂದು ಹೋದರೆ ಬಿಡಿ. 115 ಆಯಿತೆಂದರೆ ಓಡಿಸುವ ರೀತಿ ಬದಲಿಸಿ: ಕೆಳಗಿನ ಗೇರ್, ಕಮ್ಮಿ ಆಕ್ಸಿಲರೇಟರ್, ಎಸಿ ಆಫ್. 120 ದಾಟಿ ಇನ್ನೂ ಏರುತ್ತಲೇ ಇದ್ದರೆ ಜಾಗ ನೋಡಿ ನಿಲ್ಲಿಸಿ. ಎಣ್ಣೆ ಸುಮಾರು 80 ಡಿಗ್ರಿಗಿಂತ ಮೇಲೆ ಪ್ರತಿ 11 ಡಿಗ್ರಿಗೆ ಅರ್ಧ ಆಯಸ್ಸು ಕಳೆದುಕೊಳ್ಳುತ್ತದೆ ಅಂತ ಗೇರ್‌ಬಾಕ್ಸ್ ಕೆಲಸದವರ ಒಂದು ಹಳೆಯ ಲೆಕ್ಕ ಇದೆ. ಅದು ಹಳೆಯ ಮಿನರಲ್ ಎಣ್ಣೆಯ ಕಾಲದ್ದು. ಇವತ್ತಿನ ಸಿಂಥೆಟಿಕ್ ಎಣ್ಣೆ ಅದಕ್ಕಿಂತ ಜಾಸ್ತಿ ತಡೆಯುತ್ತದೆ. ಆದರೂ ದಿಕ್ಕು ಅದೇ. ಬಿಸಿ ಜಾಸ್ತಿಯಾದರೆ ಎಣ್ಣೆ ಕಪ್ಪಾಗುತ್ತದೆ, ವಾಲ್ವ್‌ಗಳ ಮೇಲೆ ಅಂಟು ಕೂರುತ್ತದೆ, ರಬ್ಬರ್ ಸೀಲ್‌ಗಳು ಗಟ್ಟಿಯಾಗುತ್ತವೆ, ಕೊನೆಗೆ ಗೇರ್ ಬದಲಿಸಲು ಗೇರ್‌ಬಾಕ್ಸ್ ಒಳಗೇ ಇರುವ ಸಣ್ಣ ಕ್ಲಚ್ ಪ್ಲೇಟ್‌ಗಳು ಸುಡುತ್ತವೆ.

ಒಂದೇ ಅಂಕಿ ಹಿಡಿದು ಕೂರಬೇಡಿ. ಬಿಸಿ ಎಷ್ಟು ಬೇಗ ಏರುತ್ತೆ, ಏರು ಮುಗಿದ ಮೇಲೆ ಎಷ್ಟು ಬೇಗ ಇಳಿಯುತ್ತೆ ಅನ್ನೋದನ್ನು ನೋಡಿ. ಕೊಟ್ಟಿಗೆಹಾರ ತಲುಪಿ ಸಮದಾರಿಗೆ ಬಂದ ಮೇಲೆ 104 ಇದ್ದದ್ದು ಸ್ವಲ್ಪ ಹೊತ್ತಿನಲ್ಲಿ 90ಕ್ಕೆ ಬಂದರೆ ಕೂಲರ್ ಕೆಲಸ ಮಾಡುತ್ತಿದೆ. ಬಣಕಲ್ ದಾಟಿದರೂ 100ರಲ್ಲೇ ನಿಂತಿದ್ದರೆ ಕೂಲರ್‌ಗೆ ಕೆಸರು ಮೆತ್ತಿದೆಯಾ, ಎಣ್ಣೆ ಕಮ್ಮಿಯಾಗಿದೆಯಾ ನೋಡಿಸಿ. ಇದೇ ದಾರಿ, ಇದೇ ಲೋಡ್‌ಗೆ ಹೋದ ವರ್ಷ 104, ಈ ವರ್ಷ 114 ಅಂದರೆ ಅದು ನನಗೆ ದೊಡ್ಡ ಸುದ್ದಿ. ಗ್ಲೋವ್ ಬಾಕ್ಸಿನಲ್ಲಿ ಒಂದು ಚೀಟಿ ಇಟ್ಟು ಬರೆದುಕೊಳ್ಳಿ.

ಆ ದಿನ ದೀಪ ಹತ್ತಿದ ಕೂಡಲೇ ಇಂಜಿನ್ ಆಫ್ ಮಾಡಿದಿರಿ. ಎಲ್ಲರೂ ಮಾಡೋದು ಅದನ್ನೇ. ಆದರೆ ಮಾಡಬಾರದು. ಗೇರ್‌ಬಾಕ್ಸಿನ ಎಣ್ಣೆ ಪಂಪ್ ಇಂಜಿನ್ನಿನಿಂದಲೇ ತಿರುಗೋದು. ಇಂಜಿನ್ ನಿಂತರೆ ಎಣ್ಣೆ ಕೂಲರ್‌ಗೆ ಹೋಗೋದೂ ನಿಂತಿತು. ಬೆಂದ ಎಣ್ಣೆ ಇದ್ದಲ್ಲೇ ಕೂರುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಟಯರ್‌ಗೆ ಕಲ್ಲು ಕೊಡಿ, ಪಾರ್ಕ್‌ಗೆ ಹಾಕಿ ಇಂಜಿನ್ ಐಡಲ್‌ನಲ್ಲಿ ಬಿಡಿ. ಪಾರ್ಕ್‌ನಲ್ಲಿ ಕನ್ವರ್ಟರ್‌ಗೆ ಭಾರ ಇಲ್ಲ, ಎಣ್ಣೆ ಮಾತ್ರ ಸುತ್ತುತ್ತಿರುತ್ತದೆ. ದೀಪ ಆರಿ, ಅಂಕಿ 100ಕ್ಕಿಂತ ಕೆಳಗೆ ಬರೋವರೆಗೆ ಕಾಯಿರಿ. ಎಣ್ಣೆ ಸೋರುತ್ತಿದ್ದರೆ ಅಥವಾ ಇಂಜಿನ್ನೇ ಕುದಿಯುತ್ತಿದ್ದರೆ ಮಾತು ಬೇರೆ, ಆಗ ಆಫ್ ಮಾಡಲೇಬೇಕು.

ಇನ್ನು ಆ ಏರು. ನೀವು ಹೇಳದ ವಿಷಯ ಒಂದಿದೆ. ಅವತ್ತು 4ಎಲ್‌ಗೆ, ಅಂದರೆ ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರಿಗೆ, ಹಾಕಿದ್ದಿರಾ? ಮಾಮೂಲಿ ವೇಗದ 4ಎಚ್‌ನಲ್ಲೇ ಹೋಗಿದ್ದೀರಿ ಅಂತ ನನ್ನ ಅನುಮಾನ. 4ಎಲ್‌ನಲ್ಲಿ ಚಕ್ರಕ್ಕೆ ಸಿಗುವ ಎಳೆತ ಸುಮಾರು ಎರಡೂವರೆ ಪಟ್ಟು ಆಗುತ್ತದೆ. ಹಾಗಾಗಿ ಅದೇ ಏರಿಗೆ ಕನ್ವರ್ಟರ್ ಅಷ್ಟು ಜಾರಬೇಕಾಗಿಲ್ಲ. ಅದೇ ದಾರಿ, ಅದೇ ಲೋಡ್, ಬಿಸಿ ಮಾತ್ರ ಎಷ್ಟೋ ಕಮ್ಮಿ. ಜನ ಕೊಂಡ ಮೇಲೆ ಆ ಗುಬುಟನ್ನು ಮುಟ್ಟೋದೇ ಇಲ್ಲ, ಹೂತುಕೊಂಡಾಗ ಮಾತ್ರ ನೆನಪಾಗುತ್ತೆ. ಏರು ಶುರುವಾಗೋಕೆ ಮೊದಲೇ ನಿಲ್ಲಿಸಿ, ನ್ಯೂಟ್ರಲ್ ಮಾಡಿ, 4ಎಲ್ ಹಾಕಿ ಹೊರಡಿ. ಒಣ ಡಾಂಬರಿಗೆ ಬಂದಾಗ ತೆಗೆಯೋದು ಮರೆಯಬೇಡಿ. ಅಲ್ಲಿ ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡಿ ಎರಡೂ ಕಡೆಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೆ ಪೆಟ್ಟು ಕೊಡುತ್ತವೆ.

ಲೋಡ್ ಬಗ್ಗೆಯೂ ಹೇಳಲೇಬೇಕು, ಬೇಜಾರು ಮಾಡ್ಕೋಬೇಡಿ. 50 ಕೆಜಿಯ 12 ಮೂಟೆ ಅಂದರೆ 600 ಕೆಜಿ. ಮೇಲೆ ನೀವು, ಜೊತೆಗೆ ಇಬ್ಬರು ಆಳು. ಆರ್‌ಸಿ ತೆಗೆದು ಖಾಲಿ ತೂಕ, ಲೋಡ್ ಸಮೇತ ತೂಕ ಎರಡನ್ನೂ ನೋಡಿ, ಕಳೆಯಿರಿ. ನಮ್ಮಲ್ಲಿ ಸಿಗುವ ಆಟೋಮ್ಯಾಟಿಕ್ ಡಬಲ್ ಕ್ಯಾಬ್ ಪಿಕಪ್‌ಗಳು ನೋಡೋಕೆ ದೊಡ್ಡವು, ಹೊರುವ ಲೆಕ್ಕದಲ್ಲಿ ಸಣ್ಣವು. ಗೊಬ್ಬರ ಹೊರೋಕೆ ಟ್ರ್ಯಾಕ್ಟರ್ ಇದ್ದರೆ ಅದನ್ನೇ ಕಳಿಸಿ.

ಡಾಂಗಲ್ ತೋರಿಸುವ ಅಂಕಿ ನಂಬಬಹುದಾ ಅಂತ ನೀವು ಕೇಳಿಲ್ಲ, ಕೇಳಬೇಕಿತ್ತು. ಕೂಲೆಂಟ್ ಬಿಸಿಯನ್ನು ಓದುವ ಕೋಡ್ ಎಲ್ಲ ಕಂಪನಿಗೂ ಒಂದೇ. ಗೇರ್‌ಬಾಕ್ಸ್ ಬಿಸಿಗೆ ಹಾಗಿಲ್ಲ, ಒಬ್ಬೊಬ್ಬರದು ಒಂದೊಂದು ಕೋಡ್, ಒಂದೊಂದು ಲೆಕ್ಕ. ಆ್ಯಪ್‌ನಲ್ಲಿ ಬೇರೆ ಗಾಡಿಯ ಪ್ರೊಫೈಲ್ ಹಾಕಿದ್ದರೆ ಬರುವ ಅಂಕಿ ಬರೀ ಸುಳ್ಳು. ಯಾವಾಗ ನೋಡಿದರೂ ಮೈನಸ್ 40 ತೋರಿಸಿದರೆ ಗಾಡಿಯಿಂದ ಸರಿಯಾದ ಉತ್ತರವೇ ಬರುತ್ತಿಲ್ಲ ಅಂತ ಅರ್ಥ. ಬಂದ ಅಂಕಿಯಿಂದ 40 ಕಳೆಯೋದು ಸಾಮಾನ್ಯವಾಗಿ ಇರುವ ಲೆಕ್ಕ, ಸೊನ್ನೆ ಬಂದರೆ ಮೈನಸ್ 40 ಆಗುತ್ತೆ. ಪರೀಕ್ಷೆ ಸುಲಭ. ರಾತ್ರಿ ಪೂರ್ತಿ ನಿಂತ ಗಾಡಿಯಲ್ಲಿ ಬೆಳಿಗ್ಗೆ ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿ. ಕೂಲೆಂಟ್, ಒಳಗೆ ಎಳೆಯುವ ಗಾಳಿ, ಗೇರ್‌ಬಾಕ್ಸ್ ಎಣ್ಣೆ, ಮೂರರ ಅಂಕಿ ಎರಡು ಮೂರು ಡಿಗ್ರಿ ವ್ಯತ್ಯಾಸದಲ್ಲಿ ಒಂದೇ ಇರಬೇಕು. ಆಮೇಲೆ ಓಡಿಸಿದಾಗ ಗೇರ್‌ಬಾಕ್ಸ್ ಅಂಕಿ ಕೂಲೆಂಟ್‌ಗಿಂತ ನಿಧಾನವಾಗಿ ಏರಬೇಕು. ಎರಡೂ ಜೊತೆಜೊತೆಗೇ ಏರಿದರೆ ನೀವು ಎರಡು ಸಲ ಕೂಲೆಂಟನ್ನೇ ನೋಡುತ್ತಿದ್ದೀರಿ.

ಕೆಲವು ಗಾಡಿಗಳಲ್ಲಿ ಎರಡು ಸೆನ್ಸರ್ ಇರುತ್ತವೆ. ಒಂದು ಕೆಳಗಿನ ಆಯಿಲ್ ಚೇಂಬರ್‌ನಲ್ಲಿ, ಇನ್ನೊಂದು ಕನ್ವರ್ಟರ್‌ನಿಂದ ಎಣ್ಣೆ ಹೊರಬರುವ ಕಡೆ. ಎರಡನೆಯದು ಒಂದು ಏರು ಸಿಕ್ಕಿದರೆ ಸಾಕು, ನೋಡನೋಡುತ್ತಿದ್ದಂತೆ ಹಾರುತ್ತೆ, ಹಾಗೇ ಇಳಿಯುತ್ತೆ. ನಾನು ಮೇಲೆ ಕೊಟ್ಟ ಅಂಕಿಗಳು ಚೇಂಬರ್‌ನವು.

ಓಡಿಸುವಾಗ ಫೋನ್ ನೋಡಬೇಡಿ. ಆ್ಯಪ್‌ನಲ್ಲಿ 115ಕ್ಕೆ ಅಲಾರಂ ಇಟ್ಟು ಬಿಟ್ಟುಬಿಡಿ. ಮನೆಗೆ ಬಂದ ಮೇಲೆ ಡಾಂಗಲ್ ಕಿತ್ತಿಡಿ. ಅಗ್ಗದವು ಬ್ಯಾಟರಿ ಹೀರುತ್ತಲೇ ಇರುತ್ತವೆ. ಗನ್ ಥರ್ಮಾಮೀಟರ್ ತಂದು ಗಾಡಿ ಕೆಳಗೆ ಹಿಡಿಯೋರೂ ಇದ್ದಾರೆ. ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು ಕಮ್ಮಿ ತೋರಿಸುತ್ತದೆ. ಚೇಂಬರ್ ಮೇಲೆ ಮ್ಯಾಟ್ ಕಪ್ಪು ಪೇಂಟಿನ ಒಂದು ಬೊಟ್ಟು ಇಟ್ಟು ಅಲ್ಲಿಗೇ ಹಿಡಿದರೆ ಪರವಾಗಿಲ್ಲ. ಆದರೂ ಒಳಗಿನ ಎಣ್ಣೆ ಅದಕ್ಕಿಂತ ಬಿಸಿ ಇರುತ್ತದೆ.

ಕೂಲರ್ ಈಗ ಬೇಡ. ಘಾಟಿಯಲ್ಲಿ 104ಕ್ಕೇ ನಿಲ್ಲುವ ಗಾಡಿಗೆ ಅದರ ಅಗತ್ಯ ಇಲ್ಲ, ವಾರಂಟಿ ಜಗಳ ಮಾತ್ರ ಸಿಗುತ್ತೆ. ಇರುವ ಕೂಲರ್‌ಗೆ ಗಾಳಿ ಬಿಡಿ. ಗ್ರಿಲ್ ಮುಂದೆ ದೊಡ್ಡ ಫಾಗ್ ಲೈಟ್ ಸಾಲು ಕಟ್ಟಿಸಿದ್ದರೆ ತೆಗೆಸಿ. ಮಳೆಗಾಲದಲ್ಲಿ ತೋಟದಿಂದ ಬಂದ ಮೇಲೆ ರೇಡಿಯೇಟರ್ ಸಂದಿಯ ಕೆಸರನ್ನು ಪೈಪಿನ ನೀರಲ್ಲಿ ಮೆಲ್ಲಗೆ ತೊಳೆಸಿ. ಪ್ರೆಷರ್ ಗನ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯೇ ಹೋಗಲ್ಲ. ಚಾರ್ಮಾಡಿಯಲ್ಲಿ ಮಳೆಗಾಲದ ಭಾನುವಾರ ಜಲಪಾತ ನೋಡೋಕೆ ನಿಂತ ಕಾರುಗಳ ಹಿಂದೆ ಸಿಕ್ಕಿಕೊಂಡರೆ ಆಕ್ಸಿಲರೇಟರ್ ಒತ್ತಿ ಏರಿನಲ್ಲಿ ಗಾಡಿ ಹಿಡಿದು ನಿಲ್ಲಿಸಬೇಡಿ. ಬ್ರೇಕ್ ಹಿಡಿಯಿರಿ. ಮುಂದೆ ಜಾಗ ಆದ ಮೇಲೆ ಒಂದೇ ಸಲ ಹೋಗಿ. ತಿರುವುಗಳಲ್ಲಿ 2–3ರ ನಡುವೆ ಗೇರ್ ಪದೇಪದೇ ಆಡುತ್ತಿದ್ದರೆ ಮ್ಯಾನುವಲ್ ಮೋಡ್‌ಗೆ ಎಳೆದು 2ರಲ್ಲೇ ಇಡಿ.

ಪ್ರಶ್ನೆ: ನನ್ನದು ಬೊಲೆರೊ ಪಿಕಪ್, ಮ್ಯಾನುವಲ್ ಗೇರ್. ದಾವಣಗೆರೆ ಮಾರ್ಕೆಟ್‌ಗೆ ತರಕಾರಿ ಹೊಡೆಯುತ್ತೇನೆ. ನಾನೂ ಗೇರ್‌ಬಾಕ್ಸ್ ಬಿಸಿಯ ಮೀಟರ್ ಹಾಕಿಸಬೇಕಾ?

ಉತ್ತರ: ಬೇಡ. ನಿಮ್ಮ ಗಾಡಿಯಲ್ಲಿ ಬಿಸಿಯಾಗೋದು ಕ್ಲಚ್, ಅದು ವಾಸನೆಯಲ್ಲೇ ಗೊತ್ತಾಗುತ್ತೆ. ಸಿಗ್ನಲ್‌ನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲಬೇಡಿ. ಆ ದುಡ್ಡಲ್ಲಿ ಒಂದು ಒಳ್ಳೆ ಟಯರ್ ಹಾಕಿಸಿ.

ಪ್ರಶ್ನೆ: ಸರ್, ಊರು ಶಿವಮೊಗ್ಗ, ಈಗ ಇರೋದು ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿ. 10 ಗೇರಿನ ಫೋರ್ಡ್ ಎಫ್-150 ಇದೆ. ಬೇಸಿಗೆಯಲ್ಲಿ ಕ್ಯಾಂಪರ್ ಟ್ರೇಲರ್ ಎಳೆದುಕೊಂಡು ಫ್ಲಾಗ್‌ಸ್ಟಾಫ್ ಕಡೆ ಹೋಗುತ್ತೇವೆ. ಟ್ರೇಲರ್ ಇಲ್ಲದಿದ್ದರೂ ಗೇರ್‌ಬಾಕ್ಸ್ ಎಣ್ಣೆ 200 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರುತ್ತದೆ. ಏರಿನಲ್ಲಿ 218 ಆಗುತ್ತದೆ. ನನ್ನ ಹಳೆಯ ಟ್ರಕ್ 170 ದಾಟುತ್ತಿರಲಿಲ್ಲ. ಇದರಲ್ಲಿ ಏನಾದರೂ ದೋಷ ಇದೆಯೇ? ಥರ್ಮಲ್ ಬೈಪಾಸ್ ವಾಲ್ವ್ ತೆಗೆದುಹಾಕಿದರೆ ತಣ್ಣಗಿರುತ್ತೆ ಅಂತ ಮಗ ಹೇಳುತ್ತಾನೆ.

ಉತ್ತರ: 32 ಕಳೆದು 1.8ರಿಂದ ಭಾಗಿಸಿ ನೋಡಿ. 200 ಅಂದರೆ 93 ಸೆಲ್ಸಿಯಸ್, 218 ಅಂದರೆ 103. ಮೂಡಿಗೆರೆಯವರು ಚಾರ್ಮಾಡಿಯಲ್ಲಿ ನೋಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಫೀನಿಕ್ಸ್ ಸಮುದ್ರಮಟ್ಟದಿಂದ ಸುಮಾರು 330 ಮೀಟರ್, ಫ್ಲಾಗ್‌ಸ್ಟಾಫ್ 2,100 ಮೀಟರ್. ಅಷ್ಟು ಎತ್ತರಕ್ಕೆ, ಆ ಸೆಕೆಯಲ್ಲಿ, ಟ್ರೇಲರ್ ಎಳೆದು 103 ಅಂದರೆ ನಾನು ಖುಷಿಪಡುತ್ತೇನೆ.

ಹಳೆಯ ಟ್ರಕ್‌ಗೆ ಹೋಲಿಸಬೇಡಿ. ಹಳೆಯದರಲ್ಲಿ ಎಣ್ಣೆ ಯಾವಾಗಲೂ ಕೂಲರ್ ಸುತ್ತಿ ಬರುತ್ತಿತ್ತು. ಹೊಸದರಲ್ಲಿ ಎಣ್ಣೆ ಬೆಚ್ಚಗಾಗುವವರೆಗೆ ಬೈಪಾಸ್ ವಾಲ್ವ್ ಅದನ್ನು ಕೂಲರ್‌ಗೆ ಬಿಡುವುದಿಲ್ಲ. ಎಣ್ಣೆ ತೆಳ್ಳಗಾದರೆ ಉಜ್ಜಾಟ ಕಮ್ಮಿ, ಪೆಟ್ರೋಲ್ ಉಳಿಯುತ್ತೆ ಅಂತ ಹಾಗೆ ಮಾಡಿದ್ದಾರೆ. 200 ಆಸುಪಾಸು ಇರೋದು ಅದರ ವಿನ್ಯಾಸ. ತೆಳು ಎಣ್ಣೆಯನ್ನೂ ಆ ಬಿಸಿಗೆ ಹೊಂದುವಂತೆಯೇ ಆರಿಸಿರುತ್ತಾರೆ. ಮಗನಿಗೆ ವಾಲ್ವ್ ಮುಟ್ಟಬೇಡ ಅನ್ನಿ. ಅದನ್ನು ತೆಗೆದರೆ ಫ್ಲಾಗ್‌ಸ್ಟಾಫ್‌ನಲ್ಲಿ ಚಳಿಗಾಲದ ಹಿಮ ಬಿದ್ದ ಬೆಳಿಗ್ಗೆ ಎಣ್ಣೆ ಬೆಚ್ಚಗಾಗೋದೇ ಇಲ್ಲ.

ನಿಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಅಳತೆಗೋಲು ಇದೆ. ಬುಲ್‌ಹೆಡ್ ಸಿಟಿಯಿಂದ ಹತ್ತುವ 68ನೇ ರಸ್ತೆ, ಡೇವಿಸ್ ಡ್ಯಾಂ ಏರು. ಟ್ರಕ್ ಎಷ್ಟು ತೂಕ ಎಳೆಯಬಹುದು ಅಂತ ನಿರ್ಧರಿಸುವ ಎಸ್‌ಎಇ ಜೆ2807 ಅನ್ನುವ ಪರೀಕ್ಷೆ ಇರೋದು ಅದೇ ಏರಿಗೆ. 11.4 ಮೈಲಿ, ಕೆಳಗೆ ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್ ಸೆಕೆ, ಎಸಿ ಪೂರ್ತಿ ಆನ್. ಹಿಂದೆ ಎರಡೇ ಚಕ್ರ ಇರುವ ಟ್ರಕ್ ಗಂಟೆಗೆ 40 ಮೈಲಿಗಿಂತ ಕೆಳಗೆ ಬೀಳಬಾರದು. ನಿಮ್ಮ ಟ್ರಕ್ ಎಳೆಯಬಲ್ಲದು ಅಂತ ಬರೆದ ತೂಕಕ್ಕಿಂತ ಟ್ರೇಲರ್ ಹಗುರ ಇದ್ದರೆ ನಿಶ್ಚಿಂತೆಯಿಂದಿರಿ. ಕ್ಯಾಂಪರ್‌ನ ತೂಕದಷ್ಟೇ ಅದರ ಅಗಲ ಮುಖವೂ ಗಾಳಿಗೆ ತಡೆ ಕೊಡುತ್ತೆ, ವೇಗ 65 ಮೈಲಿಗೆ ಇಳಿಸಿದರೆ ಅಂಕಿಯೂ ಇಳಿಯುತ್ತೆ. ಭಾರ ಎಳೆಯುವಾಗಿನ ಟೋ/ಹಾಲ್ ಬಟನ್ ಏರಿನ ಬುಡದಲ್ಲೇ ಒತ್ತಿ, ಅರ್ಧ ಹತ್ತಿದ ಮೇಲಲ್ಲ. 230 ಫ್ಯಾರನ್‌ಹೀಟ್ ದಾಟಿದರೆ ನನಗೆ ಬರೆಯಿರಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ನನ್ನ ಆಟೋಮ್ಯಾಟಿಕ್ ಪಿಕಪ್ 70,000 ಕಿ.ಮೀ. ಓಡಿದೆ. ತಿಂಗಳಿಗೊಮ್ಮೆ ಅರಬೈಲ್ ಘಾಟಿ ಇಳಿದು ಅಂಕೋಲಾಕ್ಕೆ ಹೋಗಿ ಬರುತ್ತೇನೆ. ಗೇರ್‌ಬಾಕ್ಸ್ ಎಣ್ಣೆ ಜೀವಮಾನಕ್ಕೆ ಒಂದೇ ಸಲ, ಬದಲಿಸೋದು ಬೇಡ ಅಂತಾರೆ. ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ಕೂ ಇಲ್ಲ. ಹೌದೇ ಸರ್?

ಉತ್ತರ: ಯಾರ ಜೀವಮಾನ ಅಂತ ಕೇಳಿ. ಗೇರ್‌ಬಾಕ್ಸ್ ಕೆಟ್ಟ ದಿನಕ್ಕೆ ಅದರ ಜೀವಮಾನ ಮುಗಿಯುತ್ತೆ, ಆ ಅರ್ಥದಲ್ಲಿ ಸರಿ.

ಓನರ್ ಕೈಪಿಡಿಯಲ್ಲಿ ಕಷ್ಟದ ಬಳಕೆ ಅಂತ ಬೇರೆ ಕೋಷ್ಟಕ ಇರುತ್ತದೆ. ಬೆಟ್ಟದ ದಾರಿ, ಟ್ರೇಲರ್, ಧೂಳು, ಭಾರ ಎಲ್ಲ ಅದರಲ್ಲಿ ಬರುತ್ತೆ. ನಮ್ಮ ರಸ್ತೆಗಳಲ್ಲಿ ನಾನಂತೂ 60,000ಕ್ಕೆ ಬದಲಿಸಿ ಅಂತೀನಿ. ಸದಾ ಘಾಟಿ, ಲೋಡ್ ಇದ್ದರೆ 40,000. ಒಮ್ಮೆ ಬಿಸಿಯ ದೀಪ ಹತ್ತಿದ್ದರೆ ಕಿಲೋಮೀಟರ್ ಲೆಕ್ಕ ಬಿಡಿ, ಎಣ್ಣೆ ತೆಗೆದು ನೋಡಿಸಿ. ಮೂಡಿಗೆರೆಯವರಿಗೂ ಇದೇ ಮಾತು.

ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪು. ಓಡಿದ ಮೇಲೆ ಕಂದು ಆಗೋದು ಸಹಜ. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಪ್ಲೇಟ್ ಬೆಂದಿದೆ. ಹಾಲು ಬೆರೆಸಿದಂತೆ ಗುಲಾಬಿ ಬಣ್ಣ ಬಂದಿದ್ದರೆ ಕೂಲೆಂಟ್ ಸೇರಿದೆ, ಗಾಡಿ ಅಲ್ಲಿಂದ ಕದಲಿಸಬೇಡಿ. ಚೇಂಬರ್ ಬಿಚ್ಚಿದಾಗ ನೀವೂ ಪಕ್ಕದಲ್ಲಿ ನಿಂತು ಅದರೊಳಗಿನ ಆಯಸ್ಕಾಂತ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಮೆತ್ತಿರುತ್ತದೆ. ಬೆರಳಲ್ಲಿ ಉಜ್ಜಿದರೆ ತರಿ ಸಿಗಬಾರದು. ಚುಚ್ಚುವ ಲೋಹದ ಚೂರು ಸಿಕ್ಕರೆ ಎಣ್ಣೆ ಬದಲಿಸಿ ಸುಮ್ಮನಾಗುವ ಹಾಗಿಲ್ಲ.

ಡ್ರೈನ್ ಮಾಡಿದರೆ ಅರ್ಧಕ್ಕಿಂತ ಕಮ್ಮಿ ಎಣ್ಣೆ ಹೊರಬರುತ್ತದೆ. ಉಳಿದದ್ದು ಕನ್ವರ್ಟರ್ ಮತ್ತು ಕೂಲರ್‌ನಲ್ಲೇ ಇರುತ್ತದೆ. ಹಾಗಾಗಿ ಒಂದು ಸಲ ಬದಲಿಸಿ, ಸ್ವಲ್ಪ ಓಡಿಸಿ, ಇನ್ನೊಂದು ಸಲ ಬದಲಿಸೋದು ನನ್ನ ಪದ್ಧತಿ. ಎಣ್ಣೆ ಕೈಪಿಡಿ ಹೇಳಿದ ದರ್ಜೆಯದೇ ಇರಬೇಕು. ‘ಎಲ್ಲ ಗಾಡಿಗೂ ಆಗುತ್ತೆ’ ಅನ್ನೋ ಡಬ್ಬ ಬೇಡ.

ಡಿಪ್‌ಸ್ಟಿಕ್ ಇಲ್ಲದ ಕಡೆ ಬಿಸಿಯ ಅಂಕಿ ಮತ್ತೆ ಬೇಕಾಗುತ್ತೆ. ಇಂಥ ಗೇರ್‌ಬಾಕ್ಸಿನಲ್ಲಿ ಲೆವೆಲ್ ನೋಡೋದು ಕೆಳಗಿನ ಒಂದು ಪ್ಲಗ್ ಬಿಚ್ಚಿ. ಇಂಜಿನ್ ಓಡುತ್ತಿರಬೇಕು, ಗಾಡಿ ಸಮನಾಗಿ ಎತ್ತಿರಬೇಕು, ಎಣ್ಣೆ ಕಂಪನಿ ಹೇಳಿದ ಬಿಸಿಯಲ್ಲಿರಬೇಕು. ಅದು ಅನೇಕ ಗಾಡಿಗಳಲ್ಲಿ 40 ಡಿಗ್ರಿ ಆಸುಪಾಸು. ಜಾಸ್ತಿಯಿದ್ದದ್ದು ಧಾರೆಯಾಗಿ ಸುರಿದು, ಹನಿಹನಿಯಾದಾಗ ಪ್ಲಗ್ ಮುಚ್ಚಬೇಕು. ಘಾಟಿ ಹತ್ತಿ ಬಂದ ಬಿಸಿ ಗಾಡಿಯನ್ನು ಹಾಗೇ ಎತ್ತಿ ಪ್ಲಗ್ ಬಿಚ್ಚಿದರೆ ಹಿಗ್ಗಿದ ಎಣ್ಣೆ ಬೇಕಾದದ್ದಕ್ಕಿಂತ ಜಾಸ್ತಿ ಹರಿದುಹೋಗುತ್ತೆ. ತಣ್ಣಗಾದ ಮೇಲೆ ಒಳಗೆ ಕೊರತೆ. ಕೊರತೆಯಾದರೆ ಏರಿನಲ್ಲಿ ಪಂಪ್ ಗಾಳಿ ಹೀರುತ್ತದೆ, ಒಳಗೆ ಎಣ್ಣೆಯ ಒತ್ತಡ ಇಳಿದು ಕ್ಲಚ್ ಜಾರುತ್ತದೆ, ಬಿಸಿ ಇನ್ನೂ ಏರುತ್ತದೆ. ಎಣ್ಣೆ ಬದಲಿಸಿದ ಮೇಲೇ ಗಾಡಿ ಕೆಟ್ಟಿತು ಅಂತ ನಮ್ಮಲ್ಲಿಗೆ ಬರುವವರಲ್ಲಿ ಎಷ್ಟೋ ಜನರ ಕಥೆ ಇದೇ.

ಹಾಗಾಗಿ ಬೆಳಿಗ್ಗೆ ತಣ್ಣಗಿರುವ ಗಾಡಿಯನ್ನೇ ಒಯ್ಯಿರಿ. ಸ್ಕ್ಯಾನರ್ ಹಾಕಿ ಎಣ್ಣೆಯ ಬಿಸಿ ನೋಡಿಕೊಂಡೇ ಪ್ಲಗ್ ಬಿಚ್ಚಿಸಿ. ಎಷ್ಟು ಡಿಗ್ರಿಯಲ್ಲಿ ಲೆವೆಲ್ ನೋಡಿದರು, ಎಷ್ಟು ಲೀಟರ್ ಹಾಕಿದರು, ಎರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ಬೇರೆ ಗ್ಯಾರೇಜ್ ಹುಡುಕಿ.